ತಳದ ಹನಿ

ಕಣ್ಣಿಗೆ ಔಷಧಿ ಹಾಕುವುದೇನು ಮಹಾ ಕೆಲಸ ಎನ್ನುವವರು ಇನ್ನೊಬ್ಬರ ಕಣ್ಣಿಗೆ ಹಾಕಿ ನೋಡಿರುವುದಿಲ್ಲ. ನಾನು ನಮ್ಮ ಅತ್ತೆಯ ಕಣ್ಣಿಗೆ ಹಾಕುತ್ತಿದ್ದೆ. ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮುಂಚೆ, ಮಧ್ಯಾಹ್ನ ಊಟದ ಬಿಡುವಿನಲ್ಲಿ ಓಡಿಬಂದು, ಸಂಜೆ ಚಪ್ಪಲಿ ಬಿಟ್ಟ ಕೂಡಲೇ, ಆಮೇಲೆ ಮಲಗುವ ಮುಂಚೆ ಇನ್ನೊಂದು ಸಲ. ಮಧ್ಯಾಹ್ನದ ಊಟ ಎಂಬುದು ಆ ದಿನಗಳಲ್ಲಿ ನನಗೆ ಹೆಸರಿಗೆ ಮಾತ್ರ ಇತ್ತು. ವಾಪಸ್ಸು ಹೋಗಿ ಬುತ್ತಿಯ ಮುಚ್ಚಳ ತೆಗೆಯುವಷ್ಟರಲ್ಲಿ ಲಾಂಡ್ರಿಯ ಸೈರನ್ ಕೂಗುತ್ತಿತ್ತು.

ಹೋಟೆಲುಗಳ ಚಾದರ, ದಿಂಬಿನ ಚೀಲ, ಟವೆಲ್ಲುಗಳನ್ನು ಒಗೆಯುವ ದೊಡ್ಡ ಲಾಂಡ್ರಿ ನಮ್ಮದು. ಯಂತ್ರದಿಂದ ಹೊರಬಂದ ಚಾದರವನ್ನು ಬೆಳಕಿಗೆ ಹಿಡಿದು, ಕಲೆ ಉಳಿದಿದ್ದರೆ ಬ್ಲೀಚಿಂಗ್ ನೀರಿನಲ್ಲಿ ಅದ್ದಿ ಕೈಯಿಂದ ಉಜ್ಜುವುದು ನನ್ನ ಪಾಲಿನ ಕೆಲಸ. ವರ್ಷಗಟ್ಟಲೆ ಹಾಗೆ ಉಜ್ಜಿ ಉಜ್ಜಿ ಅಂಗೈ ಸವೆದುಹೋಗಿತ್ತು. ನನ್ನ ಕೈಯಲ್ಲಿ ಕ್ರಿಮಿಯ ಮಾತು ಹಾಗಿರಲಿ, ಅದೃಷ್ಟರೇಖೆಯೂ ಉಳಿದಿರಲಿಲ್ಲ.

ಅತ್ತೆಗೆ ಇದ್ದದ್ದು ಒಂದೇ ಕಣ್ಣು. ಎಡಗಣ್ಣು ಎಳೆವಯಸ್ಸಿನಲ್ಲೇ ಕಲ್ಲೇಟು ಬಿದ್ದು ಹೋಗಿತ್ತು. ಬಲಗಣ್ಣಿಗೆ ಈಗ ಪೊರೆ ಬಂದಿತ್ತು. ಪೊರೆ ತೆಗೆಸಿದರೆ ಎಲ್ಲ ಮೊದಲಿನಂತೆ ಕಾಣುತ್ತದೆ, ಹೆದರಬೇಡಿ ಎಂದಿದ್ದರು ಡಾಕ್ಟರಮ್ಮ. ಆದರೆ ಆಪರೇಷನ್ನಿನ ದಿನ ಹತ್ತಿರ ಬಂದಾಗ ಕಣ್ಣು ಕೆಂಪಾಗಿ, ಗೀಜು ಕಟ್ಟಿ, ಬೆಳಿಗ್ಗೆ ರೆಪ್ಪೆ ಅಂಟಿಕೊಳ್ಳಲು ಶುರುವಾಯಿತು. ಸೋಂಕು ಇರುವ ಕಣ್ಣಿಗೆ ಕತ್ತರಿ ಮುಟ್ಟಿಸುವಂತಿಲ್ಲ, ಮೊದಲು ಇದು ವಾಸಿಯಾಗಲಿ ಎಂದು ಹನಿ ಔಷಧಿ ಬರೆದುಕೊಟ್ಟರು. ಎರಡು ದಿನ ಇಳಿದಂತೆ ಕಂಡಿತು. ಮತ್ತೆ ಏರಿತು. ಹೊಸ ಬಾಟಲಿ ತಂದೆವು. ಮತ್ತೆ ಅದೇ ಕಥೆ.

ಕಣ್ಣು ಮಂಜಾದಂತೆ ಅತ್ತೆಯ ಕಿವಿ ಚುರುಕಾಗಿತ್ತು. ಪಕ್ಕದ ಮನೆಯ ನಲ್ಲಿಯನ್ನು ಯಾರು ತಿರುಗಿಸಿದರು, ಮೆಟ್ಟಿಲು ಹತ್ತುತ್ತಿರುವುದು ಮಗನೋ ಹಾಲಿನವನೋ, ಎಲ್ಲ ಕೂತಲ್ಲಿಂದಲೇ ಹೇಳುತ್ತಿದ್ದರು. ನಾನು ಅಡುಗೆಮನೆಯಲ್ಲಿ ನಿಟ್ಟುಸಿರು ಬಿಟ್ಟರೂ ಹಾಲ್‌ನಿಂದ “ಏನಾಯ್ತೇ?” ಎಂಬ ಪ್ರಶ್ನೆ ಬರುತ್ತಿತ್ತು. ಆ ಮನೆಯಲ್ಲಿ ಮನಸ್ಸು ಬಿಚ್ಚಿ ನಿಟ್ಟುಸಿರು ಬಿಡಲೂ ಜಾಗವಿರಲಿಲ್ಲ.

ಮಾವ ಜೀವಮಾನವಿಡೀ ಬಣ್ಣದ ಅಂಗಡಿಯಲ್ಲಿ ದುಡಿದವರು. ಈಗ ಮನೆಯಲ್ಲಿದ್ದಾರೆ, ಆದರೆ ಅಂಗಡಿ ಅವರನ್ನು ಬಿಟ್ಟಿಲ್ಲ. ಸವೆದ ಸೋಪಿನ ಚೂರನ್ನು ಹೊಸ ಸೋಪಿನ ಬೆನ್ನಿಗೆ ಅಂಟಿಸುತ್ತಾರೆ. ಹನಿ ಹನಿಗೂಡಿದರೆ ಹಳ್ಳ ಎಂಬ ಗಾದೆಯನ್ನು ದಿನಕ್ಕೊಮ್ಮೆಯಾದರೂ ಹೇಳದಿದ್ದರೆ ಅವರಿಗೆ ತಿಂದದ್ದು ಅರಗುವುದಿಲ್ಲ. ಹೆಂಡತಿಯೆಂದರೆ ಪ್ರಾಣ. ಆದರೆ ಆ ಕೆಂಪು ಕಣ್ಣನ್ನು ನೇರವಾಗಿ ನೋಡಲು ಅವರಿಂದ ಆಗುತ್ತಿರಲಿಲ್ಲ. ನಾನು ಔಷಧಿ ಹಾಕುವಾಗ ಎದ್ದು ಕಿಟಕಿಯ ಕಡೆ ಹೋಗಿ ಬೀದಿ ನೋಡುತ್ತಾ ನಿಲ್ಲುತ್ತಿದ್ದರು. ಬದಲಿಗೆ ಔಷಧಿಯ ಉಸ್ತುವಾರಿ ಅವರದು. ಹಳೆಯ ಬಿಸ್ಕತ್ತಿನ ಡಬ್ಬಿಯೊಂದರಲ್ಲಿ ಬಾಟಲಿ, ಹತ್ತಿ, ಚೀಟಿ ಎಲ್ಲ ಜೋಡಿಸಿಟ್ಟು, ನಾನು ಬಂದ ಕೂಡಲೇ ಡಬ್ಬಿ ತಂದು ಮುಂದೆ ಹಿಡಿಯುತ್ತಿದ್ದರು.

ಆ ಸಲ ಆಸ್ಪತ್ರೆಗೆ ಎಲ್ಲರೂ ಹೋಗಿದ್ದೆವು. ಗಂಡ ಲಿಫ್ಟ್ ರಿಪೇರಿ ಕೆಲಸಕ್ಕೆ ಅರ್ಧ ದಿನ ರಜೆ ಹಾಕಿದ್ದರು. ಅವರ ತಂಗಿ, ಅಂದರೆ ನನ್ನ ನಾದಿನಿ, ಬಸ್ಸು ಹಿಡಿದು ಬಂದಿದ್ದಳು. ಡಾಕ್ಟರಮ್ಮ ಅತ್ತೆಯ ಗದ್ದವನ್ನು ಯಂತ್ರದ ಮೇಲೆ ಇಡಿಸಿ ಬಹಳ ಹೊತ್ತು ನೋಡಿದರು. ಆಮೇಲೆ ಕುರ್ಚಿ ಹಿಂದಕ್ಕೆ ಸರಿಸಿದರು.

“ಕರಿಗುಡ್ಡೆ ಮೇಲೆ ಸಣ್ಣ ಬಿಳಿ ಚುಕ್ಕೆ ಎದ್ದಿದೆ. ಇದು ಹರಡಿದ್ರೆ ಆಮೇಲೆ ಪೊರೆ ತೆಗೆದೂ ಪ್ರಯೋಜನ ಇಲ್ಲ. ಇರೋ ಒಂದು ಕಣ್ಣು ಕೈಬಿಟ್ಟು ಹೋಗುತ್ತೆ.”

ಡಾಕ್ಟರಮ್ಮ ಹಳೆಯ ಚೀಟಿಯನ್ನು ತಿರುಗಿಸಿ ನೋಡಿದರು.

“ಔಷಧಿಗೆ ಇದು ಬಗ್ಗಲೇಬೇಕಿತ್ತು. ಬಾಟ್ಲಿ ತುದಿ ಕಣ್ಣಿಗೋ ಕೈಗೋ ತಾಗಿಸ್ತಿದ್ದೀರಾ? ಒಳಗೆ ಏನಾದ್ರೂ ಸೇರ್ಕೊಂಡ್ರೆ ಔಷಧೀನೇ ವಿಷ ಆಗುತ್ತೆ. ಮುಚ್ಚಳ ತೆಗೆದು ತಿಂಗಳಾದ ಬಾಟ್ಲೀನ ಎಸೀಬೇಕು, ಎಷ್ಟೇ ಉಳಿದಿರಲಿ. ಮನೇಲಿ ಹನಿ ಹಾಕೋದು ಯಾರು?”

ಎಲ್ಲರ ಕಣ್ಣೂ ನನ್ನ ಕೈಗಳ ಮೇಲೆ ಬಿತ್ತು. ನಾನು ಅವನ್ನು ಬ್ಯಾಗಿನ ಕೆಳಗೆ ಸರಿಸಿದೆ. ಕಳ್ಳತನ ಮಾಡದೆಯೂ ಕಳ್ಳಿಯಂತೆ ಕೂತಿದ್ದೆ, ಅದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ.

ಹೊರಗೆ ಬಂದ ಮೇಲೆ ನಾದಿನಿ ನನ್ನ ತೋಳು ಹಿಡಿದುಕೊಂಡಳು. ಅವಳ ಬಾಯಲ್ಲಿ ಬೆಲ್ಲ, ಒಳಗೆ ಬೇವು.

“ಅತ್ತಿಗೆ, ಏನೂ ಅಂದ್ಕೋಬೇಡಿ. ನೀವು ಮಾಡ್ತಿರೋದು ಬೇರೆ ಯಾರೂ ಮಾಡಲ್ಲ. ಆದ್ರೂ ಯಾರ್ಯಾರೋ ಮಲಗಿದ ಹಾಸಿಗೆ ಬಟ್ಟೆ ಮುಟ್ಟಿದ ಕೈ ನೋಡಿ. ಸ್ವಲ್ಪ ಚೆನ್ನಾಗಿ ತೊಳ್ಕೊಂಡ್ರೆ…”

“ತೊಳೆಯೋದೇ ನನ್ನ ಕೆಲಸ ಕಣಮ್ಮ,” ಎಂದೆ. ಅಷ್ಟಕ್ಕೇ ಬಿಟ್ಟೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುತ್ತಾರೆ, ಎಮ್ಮೆ ಎದ್ದು ನಿಂತು ವಾದ ಮಾಡಿದ್ದನ್ನು ಯಾರೂ ಕಂಡಿಲ್ಲ.

ಮಾರನೇ ದಿನ ಗಂಡ ಕೆಲಸದಿಂದ ಬರುವಾಗ ಒಂದು ಪೆಟ್ಟಿಗೆ ರಬ್ಬರ್ ಕೈಗವಸು ತಂದು ಅಡುಗೆಮನೆಯ ಕಟ್ಟೆಯ ಮೇಲೆ ಇಟ್ಟರು.

“ಇದು ಯಾಕೆ?” ಎಂದೆ.

“ನಾನೇನೂ ಹೇಳ್ತಿಲ್ಲ. ಹಾಕ್ಕೊಂಡ್ರೆ ಒಳ್ಳೇದು ಅಷ್ಟೇ,” ಎಂದು ಸ್ನಾನಕ್ಕೆ ಹೋದರು. ನಾದಿನಿಯ ಮಾತು ಚುಚ್ಚಿತ್ತು. ಈ ಪೆಟ್ಟಿಗೆ ಮಾತ್ರ ನನ್ನನ್ನು ಕುಗ್ಗಿಸಿತು. ಜಗಳವಾಡುವ ಗಂಡನಾದರೆ ತಿರುಗಿ ಒಂದು ಮಾತು ಆಡಬಹುದು, ಏನೂ ಹೇಳದ ಗಂಡನಿಗೆ ಏನು ಹೇಳುವುದು?

ಕೈಗವಸು ತೊಟ್ಟೇ ಹನಿ ಹಾಕತೊಡಗಿದೆ. ಅದೇ ವೇಳೆಗೆ ಅತ್ತೆ ಹೊಸ ಹಟ ಶುರುಮಾಡಿದರು. ಮೊದಲೆಲ್ಲ ಮಗುವಿನಂತೆ ತಲೆ ಹಿಂದಕ್ಕೆ ಬಾಗಿಸಿ ಸುಮ್ಮನೆ ಕೂರುತ್ತಿದ್ದವರು, ಈಗ ನಾನು ಬಾಟಲಿ ತಲೆಕೆಳಗು ಮಾಡಿದ ಕೂಡಲೇ ಕಣ್ಣನ್ನು ಬಿಗಿಯಾಗಿ ಮುಚ್ಚಿಬಿಡುತ್ತಿದ್ದರು. ಹನಿ ಕೆನ್ನೆಯ ಮೇಲೆ ಜಾರಿ ಕಿವಿಯ ಕಡೆ ಹೋಗುತ್ತಿತ್ತು.

“ಕಣ್ಣಿನ ಔಷಧಿ ಕಿವಿಗೆ ಕುಡಿಸ್ತಿದ್ದೀರಲ್ಲ ಅತ್ತೆ. ನಿಮ್ಮ ಕಿವಿಗೇನು ಕಡಿಮೆ ಆಗಿದೆ?”

“ಇವತ್ತಿಗೆ ಸಾಕು ಬಿಡೇ.”

“ಸಾಕು ಅಂದ್ರೆ ಆಗಲ್ಲ.”

ಎಡಗೈಯಿಂದ ರೆಪ್ಪೆ ಬಿಡಿಸಿ ಹಿಡಿದು, ಇನ್ನೊಂದು ಹನಿ ಬಿಟ್ಟು, ಅದು ಒಳಗೆ ಹೋಯಿತೆಂದು ಖಾತ್ರಿ ಮಾಡಿಕೊಂಡೇ ಏಳುತ್ತಿದ್ದೆ. ಹಿಡಿದ ಕೆಲಸವನ್ನು ಅರ್ಧಕ್ಕೆ ಬಿಡುವವಳಲ್ಲ ನಾನು, ಅದೇ ನನ್ನ ದೊಡ್ಡ ರೋಗ. ಆದರೆ ಕಣ್ಣು ಮಾತ್ರ ದಿನದಿಂದ ದಿನಕ್ಕೆ ಕೆಂಪೇರುತ್ತಲೇ ಹೋಯಿತು.

ಹೀಗಿರುವಾಗ ಒಂದು ದಿನ ಲಾಂಡ್ರಿಯ ಬಾಯ್ಲರ್ ಕೆಟ್ಟಿತು. ಬಿಸಿನೀರಿಲ್ಲದೆ ಯಂತ್ರಗಳೆಲ್ಲ ನಿಂತವು. ಮೇಸ್ತ್ರಿ ನಮ್ಮನ್ನೆಲ್ಲ ಮನೆಗೆ ಕಳಿಸಿದ. ಬುತ್ತಿಯನ್ನು ಮನೆಯಲ್ಲಿ ಕೂತು ನಿಧಾನವಾಗಿ ತಿನ್ನಬಹುದೆಂಬ ಒಂದೇ ಆಸೆಯಿಂದ ನಡೆದುಬಂದೆ. ಬಾಗಿಲು ಓರೆಯಾಗಿತ್ತು. ಮಾವ ಕಿಟಕಿಯ ಬೆಳಕಿನಲ್ಲಿ ಸ್ಟೂಲಿನ ಮೇಲೆ ಕೂತಿದ್ದರು. ತೊಡೆಯ ಮೇಲೆ ಬಿಸ್ಕತ್ತಿನ ಡಬ್ಬಿ, ಕೈಯಲ್ಲಿ ಸಣ್ಣ ಇಕ್ಕಳ. ನಾನು ಬೆಳಿಗ್ಗೆ ಹೊರಡುವ ಮುಂಚೆ ಮೆಡಿಕಲ್ ಶಾಪಿನಿಂದ ತಂದುಕೊಟ್ಟಿದ್ದ ಹೊಸ ಬಾಟಲಿಯ ಕುತ್ತಿಗೆಗೆ ಇಕ್ಕಳ ಹಾಕಿ ಮೀಟಿದರು. ಹನಿ ಬೀಳುವ ತುದಿ ‘ಟಕ್’ ಎಂದು ಕಿತ್ತು ಬಂತು. ಹಳೆಯ ಬಾಟಲಿಯದನ್ನೂ ಹಾಗೆಯೇ ಕಿತ್ತರು. ಅದರ ತಳದಲ್ಲಿ ಉಳಿದಿದ್ದ ಔಷಧಿಯನ್ನು ಹೊಸದಕ್ಕೆ ಬಗ್ಗಿಸಿದರು. ಒಂದು ತೊಟ್ಟೂ ಚೆಲ್ಲಲಿಲ್ಲ. ಆಮೇಲೆ ತುದಿಯನ್ನು ಬಾಯಿಗಿಟ್ಟು ಫೂ ಎಂದು ಊದಿ, ಅಂಗಿಯ ಚುಂಗಿನಿಂದ ಒರೆಸಿ, ಮತ್ತೆ ಒತ್ತಿ ಕೂರಿಸಿದರು.

ನನ್ನನ್ನು ಕಂಡು ಅವರ ಮುಖ ಅರಳಿತು.

“ಬಂದ್ಯಾಮ್ಮ? ಇಲ್ಲಿ ನೋಡು. ಆ ಡಾಕ್ಟರಮ್ಮ ಎಸೀರಿ ಅಂತಾರೆ. ಎಸೆಯೋಕೆ ಏನಾಗಿದೆ ಇದಕ್ಕೆ? ನಮ್ಮಂಗಡೀಲಿ ಡಬ್ಬಿ ತಳದ್ದನ್ನ ಹೊಸ ಡಬ್ಬಿಗೆ ಬಗ್ಗಿಸದೆ ಬಾಗಿಲು ಹಾಕ್ತಿರಲಿಲ್ಲ ನಾವು. ಹಳೇದರ ಜೊತೆ ಸೇರಿದ್ರೇನೇ ಬಣ್ಣಕ್ಕೆ ಕಸುವು.”

“ಪ್ರತಿ ಬಾಟ್ಲಿಗೂ ಹೀಗೆ ಮಾಡ್ತೀರಾ ಮಾವ?”

“ಮೊದಲಿಂದ್ಲೂ. ನಿನ್ನ ಅತ್ತೆ ಕಣ್ಣಿಗೆ ಬೀಳಬೇಕಾದ್ದು ಒಂದು ಹನೀನೂ ದಂಡ ಆಗಿಲ್ಲ.”

ಎಷ್ಟು ಹೆಮ್ಮೆಯಿಂದ ಹೇಳಿದರು. ನನಗೆ ಸಿಟ್ಟು, ನಗು, ಅಳು ಮೂರೂ ಒಮ್ಮೆಲೇ ಬಂದವು. ಮೊದಲ ಬಾಟಲಿಯ ಸೋಂಕು ಎರಡನೆಯದಕ್ಕೆ, ಎರಡನೆಯದರದ್ದು ಮೂರನೆಯದಕ್ಕೆ, ಒಂದು ತೊಟ್ಟೂ ಚೆಲ್ಲದೆ ದಾಟಿ ಬಂದಿತ್ತು. ಅದನ್ನು ರೆಪ್ಪೆ ಬಿಡಿಸಿ ಬಿಡಿಸಿ ಹೊಯ್ದವಳು ನಾನು. ಅವರ ಕೈಯಿಂದ ಬಾಟಲಿ ತೆಗೆದುಕೊಂಡು ಒಳಗೆ ಹೋದೆ. ಅತ್ತೆಗೆ ಹೇಳಬೇಕು, ಸಂಜೆ ಗಂಡನಿಗೆ ಹೇಳಬೇಕು, ನಾದಿನಿಗೆ ಫೋನಿನಲ್ಲಿ ಬಿಡಿಸಿ ಬಿಡಿಸಿ ಹೇಳಬೇಕು. ಯಾವ ಮಾತು ಮೊದಲು, ಯಾವುದು ಆಮೇಲೆ ಎಂದು ಆ ನಾಲ್ಕು ಹೆಜ್ಜೆಯಲ್ಲೇ ಲೆಕ್ಕ ಹಾಕಿದೆ.

ಅತ್ತೆ ಮಂಚದ ಮೇಲೆ ಎದ್ದು ಕೂತಿದ್ದರು.

“ಬಾಗಿಲು ಹಾಕ್ಕೊಂಡು ಬಾ,” ಎಂದರು. ಹಾಕಿದೆ.

“ನೋಡಿದ್ಯಾ?”

“ನಿಮಗೆ ಗೊತ್ತಿತ್ತಾ?”

“ಆ ಟಕ್ ಅನ್ನೋ ಸದ್ದು ನಂಗೆ ಕೇಳಿಸ್ತಿತ್ತು. ಏನು ಮಾಡ್ತಾರೋ ಮಾಡ್ಕೊಳ್ಳಲಿ ಅಂತ ಸುಮ್ನಿದ್ದೆ. ಡಾಕ್ಟರಮ್ಮ ಬಾಟ್ಲಿ ಒಳಗೆ ಏನಾದ್ರೂ ಸೇರಿದ್ರೆ ಅಂದ್ರಲ್ಲ, ಅವತ್ತು ಹೊಳೀತು.”

“ಅವತ್ತೇ ಯಾಕೆ ಹೇಳಲಿಲ್ಲ? ನಿಮ್ಮ ಮಗಳು ನನ್ನ ಕೈ ಬಗ್ಗೆ ಅಷ್ಟೆಲ್ಲ ಅಂದಳು. ನಿಮ್ಮ ಮಗ ಕೈಗವಸು ತಂದಿಟ್ಟರು. ಎಲ್ಲ ಕೇಳಿಸ್ಕೊಂಡು ಕೂತಿದ್ದೀರಿ.”

ಅತ್ತೆ ನನ್ನ ದನಿ ಬಂದ ಕಡೆಗೆ ಮುಖ ತಿರುಗಿಸಿದರು. “ನಿನ್ನ ಅಂದ್ರೆ ನೀನು ತಡ್ಕೋತೀಯ. ಅವರನ್ನ ಅಂದ್ರೆ ಅವರು ತಡ್ಕೊಳಲ್ಲ.”

ಈ ಮಾತನ್ನು ನಾನು ಹುಟ್ಟಿದಾಗಿನಿಂದ ಒಂದಲ್ಲ ಒಂದು ಬಾಯಿಂದ ಕೇಳುತ್ತಲೇ ಬಂದಿದ್ದೇನೆ. ಅಮ್ಮ ಹೇಳುತ್ತಿದ್ದಳು, ಲಾಂಡ್ರಿಯ ಮೇಸ್ತ್ರಿ ಹೇಳುತ್ತಾನೆ. ತಡೆದುಕೊಳ್ಳುವವರ ಬೆನ್ನ ಮೇಲೆ ಊರೆಲ್ಲ ಮೂಟೆ ಇಳಿಸುತ್ತದೆ. ನನಗೆ ಅಳು ಬಂತು, ಅಳುವುದಕ್ಕೂ ದಣಿವಾಯಿತು. ಮಂಚದ ಕಾಲಿಗೆ ಒರಗಿ ನೆಲದ ಮೇಲೆ ಕೂತುಬಿಟ್ಟೆ.

“ನಿಮ್ಮ ಕಣ್ಣು ಹೋಗ್ತಿತ್ತಲ್ಲ ಅತ್ತೆ.”

“ಅದಕ್ಕೇ ಮುಚ್ಕೊಳ್ತಿದ್ದೆ. ಹನಿ ಒಳಗೆ ಹೋಗದೆ ಇದ್ರೆ ಯಾರಿಗೂ ಏನೂ ಹೇಳದೆ ವಾಸಿ ಆಗುತ್ತೇನೋ ಅಂತ. ನೀನು ಬಿಡಬೇಕಲ್ಲ. ಎಳೆದು ಬಿಡಿಸಿ ಹಾಕ್ತಿದ್ದೆ.”

ಹಾಲ್‌ನಲ್ಲಿ ಮಾವ ಡಬ್ಬಿಯ ಮುಚ್ಚಳ ಒತ್ತಿ ಹಾಕುವ ಸದ್ದು ಕೇಳಿಸಿತು.

“ನಾನೇ ಹೇಳ್ತೀನಿ ಅವರಿಗೆ,” ಎಂದರು ಅತ್ತೆ. “ಆದ್ರೆ ಈಗ ಬೇಡ. ಕಣ್ಣು ಬರಲಿ. ಇಂಥ ಮಾತನ್ನ ಮುಖ ನೋಡ್ದೆ ಆಡಬಾರದು ಕಣೇ. ಎಲ್ಲಿ ನಿಲ್ಲಿಸಬೇಕು ಅನ್ನೋದು ಗೊತ್ತಾಗಲ್ಲ.”

“ಕಣ್ಣು ಬರದೆ ಇದ್ರೆ?”

“ಆಗ ಹೇಳೋದೇ ಬೇಡ. ಕಣ್ಣು ಹೋದ ಮೇಲೆ ಹೇಳಿ ಯಾರಿಗೇನು ಸಿಗುತ್ತೆ?”

ಅಂದರೆ ಅತ್ತೆಯ ಕಣ್ಣು ಬಂದರೆ ಮಾತ್ರ ನನ್ನ ಕೈ ಶುದ್ಧವಾಗುವುದು, ಇಲ್ಲವಾದರೆ ಸಾಯುವವರೆಗೂ ಅತ್ತೆಯ ಕಣ್ಣು ಕಳೆದವಳು ನಾನೇ. ಒಳ್ಳೆಯ ನ್ಯಾಯ. ಆದರೂ ಹೂಂ ಎಂದೆ. ಯಾಕೆ ಎಂದೆ ಅಂತ ಈಗಲೂ ಗೊತ್ತಿಲ್ಲ. ಹಾಲ್‌ನಲ್ಲಿದ್ದ ಮನುಷ್ಯನ ಅರಳಿದ ಮುಖ ಕಣ್ಣ ಮುಂದೆ ಇತ್ತು, ಅದಕ್ಕಿರಬಹುದು.

ಬುತ್ತಿ ತಿನ್ನದೆ ಆಸ್ಪತ್ರೆಗೆ ಹೋದೆ. ಬಾಟಲಿಯನ್ನು ಡಾಕ್ಟರಮ್ಮನ ಮೇಜಿನ ಮೇಲಿಟ್ಟು ನಡೆದದ್ದನ್ನು ಹೇಳಿದೆ. ಅವರು ಹಣೆಗೆ ಕೈ ಹಚ್ಚಿಕೊಂಡರು. ಬೇರೆ ಔಷಧಿ ಬರೆದು, ಎರಡು ದಿನಕ್ಕೊಮ್ಮೆ ಕರೆತರಲು ಹೇಳಿದರು.

“ಮನೆಯವರಿಗೆಲ್ಲ ನಾನೇ ತಿಳಿಸಿ ಹೇಳಲಾ?”

“ಬೇಡ ಮೇಡಂ. ಅದನ್ನ ನಾವು ನೋಡ್ಕೋತೀವಿ.”

ಹೊಸ ಬಾಟಲಿ ನನ್ನ ಬ್ಯಾಗಿನಲ್ಲೇ ಉಳಿಯಿತು. ಲಾಂಡ್ರಿಗೆ ನನ್ನ ಜೊತೆ ಹೋಗಿ ನನ್ನ ಜೊತೆಯೇ ಬರುತ್ತಿತ್ತು. ಡಾಕ್ಟರಮ್ಮ ಹಾಗೆ ಹೇಳಿದ್ದಾರೆ ಎಂದು ಮಾವನಿಗೆ ಸುಳ್ಳು ಹೇಳಿದೆ. ಅವರು ಖಾಲಿ ಡಬ್ಬಿಯನ್ನು ಆಗಾಗ ತೆರೆದು, ಹತ್ತಿಯನ್ನು ಮಡಿಸಿಟ್ಟು, ಮತ್ತೆ ಮುಚ್ಚುತ್ತಿದ್ದರು. ನಾದಿನಿಗೆ ಈ ಸುದ್ದಿ ಮುಟ್ಟದೆ ಇರುತ್ತದೆಯೇ? ಬಾಟಲಿಯನ್ನೂ ಬಚ್ಚಿಟ್ಟುಕೊಂಡು ಓಡಾಡುತ್ತಾಳಂತೆ ಎಂದು ಅಣ್ಣನಿಗೆ ಫೋನು ಮಾಡಿದಳು. ಅಣ್ಣ ಅದನ್ನು ಏನೂ ಹೇಳದ ತಮ್ಮ ದನಿಯಲ್ಲಿ ನನಗೆ ಹೇಳಿದರು. ನನಗೂ ಬಾಯಿದೆ. ಆದರೆ ಬಾಯಿ ಬಿಟ್ಟರೆ ಬಣ್ಣಗೇಡು, ಅದೂ ಬಣ್ಣದಂಗಡಿಯವರ ಮನೆಯಲ್ಲಿ. ಚಾದರಗಳನ್ನು ಉಜ್ಜುವಾಗ ಮಾತ್ರ ಸ್ವಲ್ಪ ಜೋರಾಗಿ ಉಜ್ಜಿದೆ. ಆ ತಿಂಗಳು ನಮ್ಮ ಲಾಂಡ್ರಿಯ ಚಾದರ ಬಹಳ ಬೆಳ್ಳಗಿದೆ ಎಂದು ಹೋಟೆಲಿನವರು ಹೊಗಳಿದರಂತೆ.

ಅತ್ತೆ ಮತ್ತೆ ಕಣ್ಣು ತೆರೆದುಕೊಂಡೇ ಕೂರತೊಡಗಿದರು. ಗೀಜು ಕಡಿಮೆಯಾಯಿತು. ಕೆಂಪು ಇಳಿಯಿತು. ಬಿಳಿ ಚುಕ್ಕೆ ಕರಗುತ್ತಾ ಬಂದು ಅಂಚಿನಲ್ಲಿ ಒಂದು ಗೆರೆಯಾಗಿ ಉಳಿಯಿತು, ಅದು ನೋಟಕ್ಕೆ ಅಡ್ಡ ಬರುವುದಿಲ್ಲ ಎಂದರು. ಇನ್ನೂ ಕೆಲವು ವಾರ ಕಾದು, ಸೋಂಕು ಪೂರ್ತಿ ಹೋಗಿದೆ ಎಂದು ಖಾತ್ರಿಯಾದ ಮೇಲೆ ಡಾಕ್ಟರಮ್ಮ ಪೊರೆ ತೆಗೆದರು.

ಪಟ್ಟಿ ಬಿಚ್ಚಿಸಿಕೊಂಡು ಮನೆಗೆ ಬಂದಾಗ ಎಲ್ಲರೂ ಹಾಲ್‌ನಲ್ಲಿ ಸೇರಿದ್ದೆವು. ಅತ್ತೆ ಕಪ್ಪು ಕನ್ನಡಕ ತೆಗೆದು ಒಬ್ಬೊಬ್ಬರನ್ನೇ ನೋಡಿದರು. ಮಗನಿಗೆ, “ಇಷ್ಟು ಬೇಗ ತಲೆ ನೆರೆತು ಹೋಯ್ತಲ್ಲೋ,” ಎಂದರು. ಮಗಳಿಗೆ, “ಫೋನಲ್ಲಿ ಸೊರಗಿದ್ದೀನಿ ಅಂತಿದ್ದೆ,” ಎಂದು ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ನನ್ನ ಕೈ ಎಳೆದುಕೊಂಡು ಅಂಗೈ ತಿರುಗಿಸಿ ನೋಡಿದರು. ಬೇಗ ಬಿಡಲಿಲ್ಲ.

“ಇನ್ನು ಆಪರೇಷನ್ ಆದ ಕಣ್ಣು,” ಎಂದಳು ನಾದಿನಿ. “ಅತ್ತಿಗೆ, ದಯವಿಟ್ಟು ಕೈಗವಸು ಮರೀಬೇಡಿ. ಅದು ಹಾಕ್ಕೊಂಡ ಮೇಲೇ ಅಲ್ವಾ ವಾಸಿ ಆಗಿದ್ದು.”

“ರೀ, ಇಲ್ಲಿ ಬನ್ನಿ,” ಎಂದು ಅತ್ತೆ ಕಿಟಕಿಯ ಬಳಿ ನಿಂತಿದ್ದ ಮಾವನನ್ನು ಕರೆದರು. “ನನ್ನ ಎದುರಿಗೆ ಕೂತ್ಕೊಳ್ಳಿ.”

ಮಾವ ಸ್ಟೂಲು ಎಳೆದುಕೊಂಡು ಕೂತರು. ಅತ್ತೆ ಅವರ ಮುಖವನ್ನು ಬಹಳ ಹೊತ್ತು ನೋಡಿದರು.

“ಹಳೇ ಬಾಟ್ಲಿ ತಳದ್ದನ್ನ ಹೊಸದಕ್ಕೆ ಬಗ್ಗಿಸ್ತಿದ್ರಲ್ಲ ನೀವು. ನನ್ನ ಕಣ್ಣು ಕೆಟ್ಟಿದ್ದು ಅದರಿಂದ. ಇವಳ ಕೈಯಿಂದ ಅಲ್ಲ.”

ಮಾವನ ಮುಖದ ಬಣ್ಣ ಇಳಿಯುತ್ತಾ ಹೋದದ್ದು ನನಗೂ ಕಂಡಿತು. ಅತ್ತೆ ಇನ್ನೊಂದು ಮಾತಿಗೆಂದು ತೆರೆದ ಬಾಯಿಯನ್ನು ಅಲ್ಲಿಗೇ ನಿಲ್ಲಿಸಿ, ಅವರ ಮೊಣಕಾಲಿನ ಮೇಲೆ ಕೈ ಇಟ್ಟರು.

“ಅಷ್ಟೇ. ಬೇಕೂಂತ ಮಾಡಿದ್ದಲ್ಲ ಅನ್ನೋದು ನಂಗೊತ್ತು. ಈಗ ಕಾಣ್ತಿದೆ, ನೋಡಿ. ನೀವು ಶೇವ್ ಮಾಡ್ಕೊಂಡಿಲ್ಲ.”

ಮಾವ ತಮ್ಮ ಕೈಗಳನ್ನು ನೋಡಿಕೊಂಡರು. ಆಮೇಲೆ ನನ್ನ ಕಡೆ ತಿರುಗಿದರು. “ನಿಂಗೂ ಗೊತ್ತಿತ್ತಾಮ್ಮ?”

“ಹೂಂ ಮಾವ.”

“ಗೊತ್ತಿದ್ದೂ ಇಷ್ಟು ದಿನ ಎಲ್ಲರ ಕೈಲಿ ಅನ್ನಿಸ್ಕೊಂಡ್ಯಾ?”

ಈ ದಿನಕ್ಕಾಗಿ ಎಷ್ಟೋ ಮಾತು ಜೋಡಿಸಿಟ್ಟಿದ್ದೆ. ಒಂದೂ ನೆನಪಾಗಲಿಲ್ಲ. “ನಂಗೆ ಸುಸ್ತಾಗಿದೆ ಮಾವ,” ಎಂದೆ. ಮದುವೆಯಾಗಿ ಆ ಮನೆಗೆ ಬಂದ ಮೇಲೆ ಆ ಮಾತನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ನಾದಿನಿಗೆ ಇದ್ದಕ್ಕಿದ್ದಂತೆ ಬಸ್ಸಿನ ನೆನಪಾಯಿತು. ಗಂಡ ಎದ್ದು ಅಡುಗೆಮನೆಗೆ ಹೋಗಿ ಕೈಗವಸಿನ ಪೆಟ್ಟಿಗೆಯನ್ನು ಎಲ್ಲೋ ಒಳಗೆ ತುರುಕಿ, ನನಗೆ ಒಂದು ಲೋಟ ಟೀ ತಂದುಕೊಟ್ಟರು. ಅದಕ್ಕೆ ಸಕ್ಕರೆ ಹಾಕಿರಲಿಲ್ಲ. ಕುಡಿದೆ.

ಹನಿ ಹಾಕುವ ಹೊತ್ತಾಯಿತು. ನಾನು ಅಭ್ಯಾಸಬಲದಿಂದ ಏಳಹೋದೆ.

“ನೀನು ಕೂತ್ಕೋ,” ಎಂದರು ಅತ್ತೆ. “ಅವರು ಹಾಕ್ತಾರೆ.”

“ನನ್ನ ಕೈಲಾ? ಇಷ್ಟಾದ ಮೇಲೂ?” ಎಂದರು ಮಾವ.

“ಇಷ್ಟಾದ ಮೇಲೇ.”

ಮಾವ ಬಚ್ಚಲಿಗೆ ಹೋಗಿ ಕೈ ತೊಳೆದರು. ನೀರಿನ ಸದ್ದು ಎಷ್ಟು ಹೊತ್ತಾದರೂ ನಿಲ್ಲಲಿಲ್ಲ. ಆಮೇಲೆ ಬಂದು, ನಾನು ಹೇಳಿಕೊಟ್ಟಂತೆ ಕೆಳರೆಪ್ಪೆಯನ್ನು ಬೆರಳಿನಿಂದ ಎಳೆದು, ಬಾಟಲಿ ಎತ್ತಿ ಹಿಡಿದರು. ಮೊದಲ ಹನಿ ಕೆನ್ನೆಯ ಮೇಲೆ ಬಿತ್ತು.

“ಕಣ್ಣು ಮುಚ್ಕೋಬೇಡ ಕಣೇ,” ಎಂದರು.

“ನಾನು ಮುಚ್ಕೊಂಡಿಲ್ಲ ರೀ. ನೋಡ್ತಾನೇ ಇದ್ದೀನಿ. ಮುಚ್ಕೊಂಡಿರೋದು ನೀವು.”

ಎರಡನೇ ಹನಿ ಒಳಗೆ ಬಿತ್ತೋ ಇಲ್ಲವೋ ನಾನು ನೋಡಲಿಲ್ಲ. ಗೋಡೆಗೆ ಒರಗಿ ಕೂತಲ್ಲೇ ನನಗೆ ನಿದ್ದೆ ಹತ್ತಿತ್ತು.